‘ಇತರೆ’ ಅನ್ನುವ ಸಾಲು ಯಾರ ಖಾತೆಗೆ?

ಯಾವ ಮನೆಯ ಎಸ್ಟಿಮೇಟ್ ತೆಗೆದು ನೋಡಿದರೂ ಕೊನೆಯಲ್ಲಿ ಒಂದು ಸಾಲು ಇರುತ್ತೆ: ‘ಇತರೆ’. ಪಾಯ, ಗೋಡೆ, ಮೋಲ್ಡು, ಟೈಲ್ಸು, ಪೇಂಟು ಅಂತ ಬಿಡಿಬಿಡಿಯಾಗಿ ಲೆಕ್ಕ ಬರೆದು, ಬರೆಯೋಕೆ ಆಗದ್ದನ್ನೆಲ್ಲ ಒಟ್ಟಿಗೆ ಇಲ್ಲಿ ತುಂಬಿರುತ್ತಾರೆ. ಇದು ಶೇಕಡ 5 ಇರಬೇಕಾ, 10 ಇರಬೇಕಾ, 20 ಇರಬೇಕಾ ಅಂತ ಮನೆ ಕಟ್ಟಿಸುವವರು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನ ಕಾಡುತ್ತಿರುವ ಪ್ರಶ್ನೆ ಸ್ವಲ್ಪ ಬೇರೆ. ಎಷ್ಟು ಅನ್ನೋದು ಆಮೇಲಿನ ಮಾತು. ಆ ದುಡ್ಡನ್ನ ಕೊಡೋರು ಯಾರು?

ಸಂದರ್ಭ ಹೇಳಿಬಿಡ್ತೀನಿ. ತಿಪಟೂರು ಹತ್ತಿರದ ನಮ್ಮೂರಿನಲ್ಲಿ, ಮುತ್ತಾತನ ಕಾಲದಿಂದ ಬಂದ ಜಾಗದಲ್ಲಿ, ತಾತ ಕಟ್ಟಿಸಿದ ಹೆಂಚಿನ ಮನೆ ಇದೆ. ಮಣ್ಣಿನ ಗೋಡೆ, ಮರದ ತೊಲೆ-ಜಂತೆ, ನಡುವೆ ತೊಟ್ಟಿ. ಅದನ್ನ ಕೆಡವಿ ಅಲ್ಲೇ ಹೊಸ ಮನೆ ಕಟ್ಟೋದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಬಿ.ಇ. ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಅನ್ನೋ ಒಂದೇ ಕಾರಣಕ್ಕೆ ಬಜೆಟ್ ಹಾಳೆ ತಯಾರು ಮಾಡೋ ಕೆಲಸ ನನಗೆ ಬಿತ್ತು. ನಿಮ್ಮಲ್ಲೂ ಅನೇಕರು ಇವತ್ತಲ್ಲ ನಾಳೆ ಇಂಥದ್ದೊಂದು ಹಾಳೆ ತೆರೆಯುವವರೇ. ಊರಲ್ಲಿ ಅಲ್ಲದಿದ್ದರೆ ಅಪ್ಪ-ಅಮ್ಮ 30 ವರ್ಷದ ಹಿಂದೆ ಕಟ್ಟಿದ 30x40 ಸೈಟಿನ ಮನೆಯಲ್ಲಿ.

ಮೊದಲು ಎಲ್ಲರಿಗೂ ಅರ್ಥವಾಗುವ ಲೆಕ್ಕ ಮುಗಿಸೋಣ. 12 ಚದರದ ಮನೆ, ಚದರಡಿಗೆ 2,000 ರೂಪಾಯಿ ಅಂತ ಇಟ್ಕೊಳ್ಳಿ. 24 ಲಕ್ಷ. ಮನೆಯವರ ತಲೆಯಲ್ಲಿ ಕೂರುವ ಅಂಕಿ ಇದೊಂದೇ. ಆದರೆ ಚದರಡಿ ರೇಟಿನಲ್ಲಿ ಸಾಮಾನ್ಯವಾಗಿ ಏನು ಇರಲ್ಲ ಅಂತ ಕೇಳಬೇಕು. ಕಾಂಪೌಂಡು ಇರಲ್ಲ, ಗೇಟು ಇರಲ್ಲ, ಸಂಪು ಮತ್ತು ಶೌಚದ ಗುಂಡಿ ಇರಲ್ಲ. ಹಳೇ ಮನೆ ಕೆಡವೋದು, ಅದರ ಮಣ್ಣು-ಕಲ್ಲು ಸಾಗಿಸೋದು ಇರಲ್ಲ. ಕೆಡವಿದ ಗೋಡೆ ನಿಂತ ಗೋಡೆಗಿಂತ ಹೆಚ್ಚು ಜಾಗ ಹಿಡಿಯುತ್ತೆ, ಹಾಗಾಗಿ ಹತ್ತು ಲೋಡು ಅಂದುಕೊಂಡದ್ದು ಹದಿಮೂರು ಆಗುತ್ತೆ. ಕಟ್ಟಡ ಕೆಲಸಕ್ಕೆ ಕರೆಂಟಿನ ತಾತ್ಕಾಲಿಕ ಸಂಪರ್ಕ ತಗೋಬೇಕು, ಅದರ ದರ ಮನೆ ಬಳಕೆಯ ದರಕ್ಕಿಂತ ಜಾಸ್ತಿ. ಕಂಟ್ರಾಕ್ಟರು ಜಿಎಸ್‌ಟಿ ನೋಂದಣಿ ಇರುವವರಾಗಿದ್ದು, ಸಾಮಾನು-ಕೂಲಿ ಎರಡೂ ಅವರದೇ ಆಗಿದ್ದರೆ ಶೇಕಡ 18 ತೆರಿಗೆ ಬರುತ್ತೆ. 24 ಲಕ್ಷಕ್ಕೆ ಅದು 4 ಲಕ್ಷದ 32 ಸಾವಿರ. ಸಾಮಾನು ನಾವೇ ತಂದು, ಸ್ವಂತದ ಒಂದು ಮನೆಗೆ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಆ ಕೂಲಿಗೆ ವಿನಾಯ್ತಿ ಇದೆ. ‘ಈ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ?’ ಅನ್ನೋ ಒಂದು ಪ್ರಶ್ನೆಯನ್ನ ಮೊದಲ ದಿನವೇ ಕೇಳಿದರೆ ಎಷ್ಟೋ ಜಗಳ ಉಳಿಯುತ್ತೆ.

ಇನ್ನು ಸಾಲ. 18 ಲಕ್ಷ ಸಾಲ ತಗೊಂಡರೆ ಬ್ಯಾಂಕು ಅದನ್ನ ಪಾಯ, ಲಿಂಟಲ್, ಮೋಲ್ಡು ಅಂತ ಹಂತಹಂತವಾಗಿ ಕೊಡುತ್ತೆ. ಕೊಟ್ಟಷ್ಟಕ್ಕೆ ಬಡ್ಡಿ ಅಂದಿನಿಂದಲೇ ಶುರು. ವರ್ಷದ ಉದ್ದಕ್ಕೂ ಸರಾಸರಿ ಅರ್ಧ ಹಣ ಹೊರಗಿದೆ ಅಂದುಕೊಂಡರೂ, 8.5 ಪರ್ಸೆಂಟಿಗೆ 76,500 ರೂಪಾಯಿ ಬರೀ ಬಡ್ಡಿ. ಒಂದು ಇಟ್ಟಿಗೆ ಕೂಡ ಅದರಿಂದ ಏಳಲ್ಲ. ಕೆಡವೋದಕ್ಕೆ ಮತ್ತು ಸಾಗಿಸೋದಕ್ಕೆ 1.2 ಲಕ್ಷ, ಸಂಪು-ಗುಂಡಿ-ಕಾಂಪೌಂಡಿಗೆ 2.6 ಲಕ್ಷ, ಹತ್ತು ತಿಂಗಳ ಬಾಡಿಗೆ ಮನೆ ಮತ್ತು ದನಗಳ ವ್ಯವಸ್ಥೆಗೆ 1 ಲಕ್ಷ, ಗೊತ್ತಿಲ್ಲದ್ದಕ್ಕೆ ಅಂತ ಹತ್ತು ಪರ್ಸೆಂಟು 2.4 ಲಕ್ಷ. ನಮ್ಮ ಹಾಳೆಯಲ್ಲಿ 24 ಇದ್ದದ್ದು 32ಕ್ಕೆ ಬಂದು ನಿಂತಿತು. ತೆರಿಗೆ ಇನ್ನೂ ಸೇರಿಸಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು: ಪ್ಲಾನಿಂಗ್ ಫ್ಯಾಲಸಿ. ಅಂದರೆ, ನಮ್ಮ ಕೆಲಸ ಎಲ್ಲಾ ನೆಟ್ಟಗೆ ನಡೆದರೆ ಎಷ್ಟಾಗುತ್ತೋ ಅಷ್ಟನ್ನೇ ಅಂದಾಜು ಅಂದುಕೊಳ್ಳೋದು. ಕಾಹ್ನೆಮನ್ ತಮ್ಮ ಪುಸ್ತಕದಲ್ಲಿ ಅಮೆರಿಕದ 2002ರ ಒಂದು ಸಮೀಕ್ಷೆಯ ಮಾತು ತರುತ್ತಾರೆ. ಅಡುಗೆಮನೆ ಹೊಸದು ಮಾಡಿಸಿದವರು ಸರಾಸರಿ 18,658 ಡಾಲರ್ ಆಗಬಹುದು ಅಂದುಕೊಂಡಿದ್ದರು, ಕೊನೆಗೆ ಕೊಟ್ಟದ್ದು 38,769. ಎರಡರಷ್ಟು. ಅವರು ಹೇಳುವ ಮದ್ದು ಸರಳ. ನಿಮ್ಮ ಪ್ಲಾನನ್ನೇ ದಿಟ್ಟಿಸುತ್ತಾ ಕೂರಬೇಡಿ, ಇಂಥದ್ದೇ ಕೆಲಸ ಮಾಡಿಸಿದ ಬೇರೆಯವರಿಗೆ ಎಷ್ಟಾಯ್ತು ಅಂತ ವಿಚಾರಿಸಿ. ಸ್ಪ್ರಿಂಟ್ ಪ್ಲಾನಿಂಗಿನಲ್ಲಿ ‘ಎರಡು ದಿನದ ಕೆಲಸ’ ಅಂತ ಹೇಳಿ ಎರಡು ವಾರ ತಗೊಂಡ ನಮಗೆ ಯಾರಿಗೂ ಇದು ಹೊಸದಲ್ಲ.

ಈ ಜಾತಿಯ ಖರ್ಚು ನಿಜಕ್ಕೂ ಅಡಗಿರುತ್ತೆ. ನಮ್ಮ ಕಡೆಯ ಹಳೇ ಮನೆಗಳ ಜಾಗದಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವು ಇರಬಹುದು. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆದು ಎರಡು ತಲೆಮಾರು ಕಳೆದರೆ ಅದು ಎಲ್ಲಿತ್ತು ಅಂತ ಯಾರಿಗೂ ನೆನಪಿರಲ್ಲ. ಜೆಸಿಬಿ ಅಲ್ಲಿ ಕುಸಿದಾಗಲೇ ಗೊತ್ತಾಗೋದು. ಅಲ್ಲೇ ಒಂದು ಪಿಲ್ಲರ್ ಬರೋದಿದ್ದರೆ ಗಟ್ಟಿ ನೆಲ ಸಿಗೋವರೆಗೂ ಇಳಿದು ತುಂಬಿಕೊಂಡು ಬರಬೇಕು. ಇದು ಯಾರ ತಪ್ಪೂ ಅಲ್ಲ. ಹತ್ತೋ ಹದಿನೈದೋ ಪರ್ಸೆಂಟು ಪಕ್ಕಕ್ಕಿಟ್ಟರೆ ಇದಕ್ಕೆ ಉತ್ತರ ಸಿಕ್ಕಿತು. ಇಲ್ಲಿ ನೈತಿಕ ಪ್ರಶ್ನೆ ಏನೂ ಇಲ್ಲ, ಬರೀ ಗಣಿತ.

ನಾನು ಹೇಳಹೊರಟಿರೋದು ಇನ್ನೊಂದು ಜಾತಿಯ ಖರ್ಚಿನ ಬಗ್ಗೆ. ಅದು ಎಲ್ಲೂ ಹೂತಿರಲ್ಲ, ಹಗಲು ಬೆಳಕಿನಲ್ಲೇ ಕಣ್ಣೆದುರಿಗೆ ಇರುತ್ತೆ. ಆದರೂ ಹಾಳೆಯಲ್ಲಿ ಬರಲ್ಲ. ಯಾಕಂದ್ರೆ ಅದಕ್ಕೆ ನಮ್ಮ ಹೆಸರಿಗೆ ಬಿಲ್ಲು ಬರಲ್ಲ.

ಪಕ್ಕದ ಮನೆಯ ಗೋಡೆ ತಗೊಳ್ಳಿ. ಹಳ್ಳಿಯ ಸಾಲುಮನೆಗಳಲ್ಲಿ ಒಂದು ಮನೆ ಇನ್ನೊಂದಕ್ಕೆ ಒರಗಿಕೊಂಡೇ ನಿಂತಿರುತ್ತೆ. ನಮ್ಮ ಮನೆ ಕೆಡವಿದ ದಿನ, ಅಷ್ಟು ವರ್ಷ ಮಳೆಯನ್ನೇ ಕಾಣದ ಅವರ ಮಣ್ಣಿನ ಗೋಡೆಯ ಒಂದು ಮೈ ಬಯಲಿಗೆ ಬೀಳುತ್ತೆ. ಅದಕ್ಕೆ ಗಾರೆ ಇಲ್ಲ, ಸುಣ್ಣ ಇಲ್ಲ, ಮೇಲೆ ಸೂರಿನ ಮರೆಯೂ ಇಲ್ಲ. ಒಂದು ಜೋರು ಮುಂಗಾರು ಸಾಕು. ಸಾಲದ್ದಕ್ಕೆ ಅವರ ಪಾಯ ಎರಡು ಅಡಿ ಇದ್ದರೆ, ನಮ್ಮ ಪಿಲ್ಲರಿನ ಗುಂಡಿ ಅದರ ಪಕ್ಕದಲ್ಲೇ ಐದು ಅಡಿ ಇಳಿಯುತ್ತೆ. ಇದನ್ನ ‘ಅಡಗಿದ ಖರ್ಚು’ ಅನ್ನೋದು ಹೇಗೆ? ಮೇಸ್ತ್ರಿಗೆ ಗೊತ್ತು, ನಮಗೆ ಗೊತ್ತು. ಬರೆಯದೆ ಬಿಟ್ಟರೆ ಅದು ಇಲ್ಲವಾಗಲ್ಲ, ಪಕ್ಕದ ಮನೆಯ ಚಿಕ್ಕಪ್ಪನ ಖಾತೆಗೆ ಹೋಗುತ್ತೆ ಅಷ್ಟೆ. ಅವರು ರಕ್ತಸಂಬಂಧಿ ಅಲ್ಲ, ಹುಟ್ಟಿದಾಗಿನಿಂದ ಹಾಗೆ ಕರೆದು ಅಭ್ಯಾಸ.

ಕೆಡವಿದ ಅವಶೇಷ ತಗೊಳ್ಳಿ. 2016ರ ಕಟ್ಟಡ ತ್ಯಾಜ್ಯ ನಿಯಮಗಳೇ ಅದನ್ನ ಉಂಟುಮಾಡಿದವರದೇ ಹೊಣೆ ಅಂತ ಹೇಳಿದ್ದವು, ರಸ್ತೆ-ಚರಂಡಿಗೆ ಸುರಿಯಬಾರದು ಅಂದಿದ್ದವು. ಆದರೆ ಟ್ರಾಕ್ಟರಿನವರ ಜೊತೆ ಮಾತಾಡುವಾಗ ನಾವು ಕೇಳೋದು ‘ಲೋಡಿಗೆ ಎಷ್ಟು?’ ಅಂತ ಮಾತ್ರ. ‘ಎಲ್ಲಿಗೆ ಒಯ್ತೀಯಾ?’ ಅಂತ ಕೇಳಲ್ಲ. ಲೋಡಿಗೆ ನೂರು ರೂಪಾಯಿ ಕಮ್ಮಿ ಅಂದವನು ಅದನ್ನ ಹತ್ತಿರದ ಕೆರೆಯಂಗಳಕ್ಕೋ, ನಗರದಲ್ಲಾದರೆ ರಾಜಕಾಲುವೆಯ ಅಂಚಿಗೋ ಸುರಿದು ಬರುತ್ತಾನೆ. ಉಳಿದ ನೂರು ರೂಪಾಯಿ ನಮ್ಮ ಜಾಣತನ ಅಂದುಕೊಳ್ಳುತ್ತೀವಿ. ಅದನ್ನ ಕೊಟ್ಟದ್ದು ಕೆರೆ.

ಕೆಲಸಕ್ಕೆ ಬರುವವರನ್ನ ತಗೊಳ್ಳಿ. ಮನೆ ಕೆಡವಿದಾಗ ಅದರ ಜೊತೆ ಶೌಚಾಲಯವೂ ಬೀಳುತ್ತೆ. ಹತ್ತು ತಿಂಗಳು ಗಾರೆ ಕಲಸುವ, ಇಟ್ಟಿಗೆ ಹೊರುವ ಹೆಂಗಸರು ಎಲ್ಲಿಗೆ ಹೋಗಬೇಕು? ನಾನು ನೋಡಿದ ಯಾವ ಎಸ್ಟಿಮೇಟಿನಲ್ಲೂ ಈ ಪ್ರಶ್ನೆಗೆ ಒಂದು ಸಾಲಿಲ್ಲ. ಸಾರವೆ ಮೇಲಿಂದ ಯಾರಾದರೂ ಬಿದ್ದರೆ ಆಸ್ಪತ್ರೆ ಖರ್ಚು ಯಾರದು ಅನ್ನೋದಕ್ಕೂ ಸಾಲಿಲ್ಲ. 1996ರ ಸೆಸ್ ಕಾಯಿದೆ ಬಂದದ್ದೇ ಇಂಥದ್ದಕ್ಕೆ. ಅದರ ಪ್ರಕಾರ ಕಟ್ಟಡದ ವೆಚ್ಚದಲ್ಲಿ ಶೇಕಡ 1ರಷ್ಟು ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗಬೇಕಿತ್ತು. ಸ್ವಂತ ವಾಸದ ಮನೆಗೆ ಆ ಕಾನೂನು ಇಟ್ಟಿದ್ದ ವಿನಾಯ್ತಿ 10 ಲಕ್ಷದವರೆಗೆ ಮಾತ್ರ ಇತ್ತು. 24 ಲಕ್ಷದ ಮನೆಗೆ ಆ ಲೆಕ್ಕದಲ್ಲಿ 24 ಸಾವಿರ. ಮುಂಬಾಗಿಲ ಹಿಡಿಕೆ, ಬೀಗ, ಡೋರ್‌ಬೆಲ್ಲು ಸೇರಿಸಿದರೆ ಬಹುಶಃ ಅಷ್ಟೇ ಆಗುತ್ತೆ. ಆದರೆ ‘ಅದೆಲ್ಲ ಹಳ್ಳಿ ಕಡೆ ಯಾರೂ ಕಟ್ಟಲ್ಲ ಸಾರ್’ ಅನ್ನುವ ಮಾತು ಬಂದಾಗ ನಮಗೆ ಒಳಗೊಳಗೇ ಸಮಾಧಾನ ಆಗುತ್ತಿತ್ತು.

ಇನ್ನು ಮನೆಯೊಳಗಿನವರು. ಪಿತ್ರಾರ್ಜಿತ ಆಸ್ತಿಯ ಮೇಲೆ ಸಾಲ ಬೇಕು ಅಂದರೆ ಬ್ಯಾಂಕಿನ ವಕೀಲರು ಹಕ್ಕುದಾರರೆಲ್ಲರ ಒಪ್ಪಿಗೆ ಕೇಳುತ್ತಾರೆ. ಹೆಣ್ಣುಮಕ್ಕಳೂ ಹಕ್ಕುದಾರರೇ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂತು, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಆದರೂ ಬಜೆಟ್ ಹಾಳೆಯಲ್ಲಿ ಅಕ್ಕನ ಸಹಿಯ ಬೆಲೆ ಸೊನ್ನೆ. ‘ಅವಳೇನು ಬೇಡ ಅಂತಾಳಾ, ಹಾಕ್ತಾಳೆ ಬಿಡು’ ಅನ್ನೋದು ಎಲ್ಲ ಮನೆಗಳ ಮಾತು. ತುಂಬಾ ಒಳ್ಳೆಯ ಮನೆಗಳಲ್ಲಿ ಅರಿಶಿನ-ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಲಕ್ಷಗಳ ಬೆಲೆ ಇರುವುದನ್ನ ಪ್ರೀತಿಯ ಹೆಸರಿನಲ್ಲಿ ಸೊನ್ನೆಗೆ ಪಡೆದುಕೊಂಡು, ಅದನ್ನ ಖರ್ಚು ಅಂತಲೂ ಬರೆಯದೆ, ಆದಾಯ ಅಂತಲೂ ಬರೆಯದೆ ಮುಂದೆ ಹೋಗುತ್ತೀವಿ.

ಎ. ಸಿ. ಪಿಗೂ ಅನ್ನುವ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1920ರಲ್ಲೇ ಈ ಬಗೆಯ ವೆಚ್ಚದ ಬಗ್ಗೆ ಬರೆದಿದ್ದ. ಕಾರ್ಖಾನೆಯ ಹೊಗೆ ಊರಿನವರ ಬಟ್ಟೆ, ಗೋಡೆ ಹಾಳು ಮಾಡುತ್ತೆ. ಆದರೆ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಅದು ಕಾಣಲ್ಲ. ಪಿಗೂ ಕೊಟ್ಟ ಮದ್ದು ತೆರಿಗೆ. ಕಾರ್ಖಾನೆಗೆ ಅದು ಸರಿ ಇರಬಹುದು. ಮನೆ ಕೆಡವಿ ಕಟ್ಟುವಾಗ ಅದು ಪೂರ್ತಿ ಒಗ್ಗಲ್ಲ. ಪಕ್ಕದ ಮನೆ ಚಿಕ್ಕಪ್ಪನ ಮುಂದೆ ನಲವತ್ತೈದು ಸಾವಿರ ಎಣಿಸಿ ‘ಇದು ಗೋಡೆಗೆ ಪರಿಹಾರ’ ಅಂತ ಇಟ್ಟರೆ ಆ ಮನುಷ್ಯ ಮತ್ತೆ ನಮ್ಮ ಮನೆ ಹೊಸಿಲು ತುಳಿಯಲ್ಲ.

ಇದರ ಬಗ್ಗೆ ಯೋಚಿಸುವಾಗ ನನಗೆ ಪಿಗೂಗಿಂತ ಸಹಾಯಕ್ಕೆ ಬಂದದ್ದು ನಮ್ಮೂರಿನ ‘ಮುಯ್ಯಿ’. ಮದುವೆಗೋ ಗೃಹಪ್ರವೇಶಕ್ಕೋ ಬಂದವರು ಮುಯ್ಯಿ ಕೊಡುತ್ತಾರೆ, ಒಬ್ಬರು ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಅದನ್ನ ತೆಗೆದು ನೋಡಿಯೇ ಹೋಗೋದು. ಮುಯ್ಯಾಳು ಅಂದರೂ ಹಾಗೇ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ತಾತನ ಮನೆಗೆ ಮಣ್ಣು ತುಳಿದದ್ದು, ತೊಲೆ ಏರಿಸಿದ್ದು ಇಂಥ ಕೈಗಳೇ. ಅಂದರೆ ಆ ಮನೆಯ ಖರ್ಚಿನಲ್ಲೂ ದೊಡ್ಡ ಪಾಲು ಬೇರೆಯವರದೇ ಆಗಿತ್ತು. ಆದರೆ ಅದು ಎಲ್ಲರಿಗೂ ಗೊತ್ತಿದ್ದ ಸಾಲ, ತೀರಿಸಬೇಕಾದ ಸಾಲ. ನಾವು ಚದರಡಿ ರೇಟಿಗೆ ಬಂದ ಮೇಲೆ ಬೇರೆಯವರು ನಮ್ಮ ಮನೆಗೆ ಕೊಡೋದು ನಿಂತಿಲ್ಲ. ಚಿಕ್ಕಪ್ಪ ಗೋಡೆ ಕೊಡ್ತಾರೆ, ಕೆರೆ ಅಂಗಳ ಕೊಡುತ್ತೆ, ಅಕ್ಕ ಪಾಲು ಕೊಡ್ತಾಳೆ. ಬರೆದುಕೊಳ್ಳುವ ಪುಸ್ತಕ ಮಾತ್ರ ಇಲ್ಲ.

ಮುಯ್ಯಿಯ ಲೋಕ ಚೆನ್ನಾಗಿತ್ತು ಅಂತ ಹಾಡಿ ಹೊಗಳುತ್ತಿಲ್ಲ. ಆ ಪುಸ್ತಕದಲ್ಲಿ ಯಾರ ಹೆಸರು ಬರುತ್ತಿತ್ತು, ಯಾರ ದುಡಿಮೆ ಬರೆಯದೇ ಬಿಟ್ಟಿ ಹೋಗುತ್ತಿತ್ತು ಅನ್ನೋದನ್ನ ಜಾತಿ ತೀರ್ಮಾನ ಮಾಡುತ್ತಿತ್ತು. ಹಳೆಯ ಮನೆಯನ್ನೂ ನಾನು ಹೊಗಳಲ್ಲ. ಫೋಟೋದಲ್ಲಿ ತೊಟ್ಟಿಮನೆ ನೋಡಿ ‘ಅಯ್ಯೋ ಕೆಡವಬೇಡ್ರೋ, ಎಷ್ಟು ಚೆನ್ನಾಗಿದೆ’ ಅಂತ ಆಫೀಸಿನ ಗೆಳೆಯರು ಹೇಳುತ್ತಾರೆ. ಬೇಸಿಗೆಯಲ್ಲಿ ತಂಪು, ನಿಜ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಜಂತೆಗೆ ಗೆದ್ದಲು, ಅಟ್ಟದಲ್ಲಿ ಇಲಿ, ಸೋರುವ ಕಡೆಯೆಲ್ಲ ಪಾತ್ರೆ. ನೆಲ ಸಾರಿಸಿ, ಗೋಡೆ ಬಳಿದು, ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೆಮ್ಮುತ್ತಾ ಆ ‘ಚೆನ್ನಾಗಿದೆ’ಯನ್ನ ಇಷ್ಟು ವರ್ಷ ಉಳಿಸಿದ್ದು ಅಮ್ಮ. ಕೆಡವಬೇಡ ಅನ್ನೋದಕ್ಕೂ ಒಂದು ಅಡಗಿದ ಖರ್ಚಿದೆ, ಮತ್ತು ಅದರ ಬಿಲ್ಲು ಬೆಂಗಳೂರಿನಲ್ಲಿ ಕೂತು ಫೋಟೋ ನೋಡುವವರಿಗೆ ಬರಲ್ಲ.

ಹಾಗಂತ ಕೆಡವೋದರಲ್ಲಿ ಹೋಗುವುದನ್ನ ಸೊನ್ನೆ ಅನ್ನಲೂ ಆಗಲ್ಲ. ಸಾಫ್ಟ್‌ವೇರಿನವರಿಗೆ ನೆಟ್‌ಸ್ಕೇಪ್ ಕಥೆ ನೆನಪಿರಬಹುದು. 1990ರ ದಶಕದ ಕೊನೆಯಲ್ಲಿ ಹಳೇ ಕೋಡು ಬೇಡ ಅಂತ ಮೊದಲಿಂದ ಬರೆಯೋಕೆ ಹೊರಟರು. ನಾಲ್ಕನೇ ಆವೃತ್ತಿ ಆದ ಮೇಲೆ ಐದನೆಯದು ಬರಲೇ ಇಲ್ಲ, ಆರನೆಯದು ಬರುವಷ್ಟರಲ್ಲಿ 2000ನೇ ಇಸವಿ. ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು. ಹಳೇ ಕೋಡಿನಲ್ಲಿ ಅಸಹ್ಯವಾಗಿ ಕಾಣುವ ಸಾಲು ಎಷ್ಟೋ ಸಲ ಯಾವುದೋ ಹಳೇ ತೊಂದರೆಗೆ ಯಾರೋ ಕಂಡುಕೊಂಡ ಪರಿಹಾರ ಆಗಿರುತ್ತೆ. ಹಳೇ ಮನೆಯೂ ಹಾಗೇ. ಪಡುವಣಕ್ಕೆ ಕಿಟಕಿ ಯಾಕಿಲ್ಲ, ಜಗಲಿ ಯಾಕೆ ಅಷ್ಟು ಎತ್ತರ, ಬಚ್ಚಲ ನೀರು ಯಾಕೆ ತೆಂಗಿನ ಬುಡಕ್ಕೇ ಹೋಗುತ್ತೆ ಅನ್ನೋದನ್ನ ಕೆಡವುವ ಮುಂಚೆ ಬರೆದಿಟ್ಟುಕೊಂಡರೆ ಖರ್ಚಿಲ್ಲ. ಹಾಗೇ ತೊಲೆ, ಬಾಗಿಲುವಾಡ, ಚಪ್ಪಡಿ, ಗಟ್ಟಿ ಇರುವ ಹೆಂಚು, ಇವನ್ನೆಲ್ಲ ‘ಎಲ್ಲಾ ಸೇರಿ ಇಷ್ಟಕ್ಕೆ ಒಯ್ದುಬಿಡ್ತೀನಿ’ ಅನ್ನುವವರಿಗೆ ಕೊಡುವ ಮುಂಚೆ ಒಂದೊಂದಾಗಿ ಪಟ್ಟಿ ಮಾಡಬೇಕು. ತಿರುವನಂತಪುರದಲ್ಲಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಹಳೇ ಮನೆಗಳ ಬಾಗಿಲು-ಕಿಟಕಿಗಳನ್ನ ಹೊಸ ಕಟ್ಟಡಗಳಿಗೆ ಬಳಸಿ ತೋರಿಸಿದವರು. ಮಣ್ಣಿನ ಗೋಡೆಯ ಮಣ್ಣು ಹೊಲಕ್ಕೆ ಹೋದರೆ ಮತ್ತೆ ಮಣ್ಣೇ. ನಾವೀಗ ಕಟ್ಟುವ ಕಾಂಕ್ರೀಟಿಗೆ ಆ ಗುಣ ಇಲ್ಲ. ಇನ್ನು ಐವತ್ತು ವರ್ಷಕ್ಕೆ ಇದನ್ನ ಕೆಡವುವ ಮಕ್ಕಳ ಖಾತೆಗೆ ನಾವು ಈಗಲೇ ಒಂದು ಸಾಲು ಬರೆಯುತ್ತಿದ್ದೀವಿ.

ಈಗ ಒಂದು ಗಟ್ಟಿ ಆಕ್ಷೇಪ. ಹೀಗೆ ಎಲ್ಲರ ಪಾಲನ್ನೂ ಲೆಕ್ಕಕ್ಕೆ ತಂದರೆ ಮಧ್ಯಮವರ್ಗದವರು ಯಾರೂ ಮನೆ ಕಟ್ಟೋಕೆ ಆಗಲ್ಲ. ಎರಡನೆಯದು ಇನ್ನೂ ಗಟ್ಟಿ: ಕೇಳಿದರೆ ಕೆದಕಿದ ಹಾಗೆ. ಸುಮ್ಮನಿದ್ದ ಪಕ್ಕದ ಮನೆಯವರಿಗೆ ‘ನಿಮ್ಮ ಗೋಡೆಗೆ ಏನಾದ್ರೂ ಆಗಬಹುದು’ ಅಂತ ನಾವೇ ಹೇಳಿಕೊಡೋದಾ? ಅಕ್ಕನಿಗೆ ‘ನಿನಗೆ ಪಾಲಿದೆ’ ಅಂತ ನಾವೇ ನೆನಪು ಮಾಡೋದಾ? ಸಂಬಂಧ ನಡೆಯೋದೇ ಕೆಲವನ್ನ ಹೇಳದೆ ಬಿಡೋದರಿಂದ ಅಲ್ವಾ?

ಮೊದಲನೆಯದಕ್ಕೆ ನನ್ನ ಉತ್ತರ: ಎಲ್ಲವನ್ನೂ ದುಡ್ಡಿನಲ್ಲಿ ತೀರಿಸಬೇಕು ಅಂತ ನಾನು ಹೇಳುತ್ತಿಲ್ಲ. ಕೊಡುವವರಿಗೆ ತಾವು ಕೊಡುತ್ತಿದ್ದೀವಿ ಅಂತ ಗೊತ್ತಿರಬೇಕು, ಬೇಡ ಅನ್ನೋಕೆ ಅವಕಾಶ ಇರಬೇಕು. ಗೊತ್ತಿದ್ದು ಕೊಟ್ಟರೆ ಅದು ಮುಯ್ಯಿ. ಗೊತ್ತಿಲ್ಲದೆ ಅವರಿಂದ ಹೋದರೆ ಅದಕ್ಕೆ ಬೇರೆ ಹೆಸರಿದೆ. ಎರಡರಲ್ಲೂ ರೂಪಾಯಿ ಅಷ್ಟೇ ಇರಬಹುದು, ಮನೆ ಅಷ್ಟೇ ಚೆನ್ನಾಗಿ ಏಳಬಹುದು. ಎರಡನೆಯ ಆಕ್ಷೇಪಕ್ಕೆ ಅಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ಸಂಬಂಧಗಳಲ್ಲಿ ಮೌನಕ್ಕೆ ಜಾಗ ಇದೆ, ಒಪ್ತೀನಿ. ಆದರೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಆ ಮೌನದಿಂದ ಯಾರಿಗೆ ಲಾಭ? ಯಾವಾಗಲೂ ಮನೆ ಕಟ್ಟಿಸುವವನಿಗೇ ಲಾಭ ಆಗುತ್ತಿದ್ದರೆ, ಅದನ್ನ ಸೌಜನ್ಯ ಅಂತ ಕರೆಯೋದು ಕಷ್ಟ.

ಹಾಗಾಗಿ ನಮ್ಮ ಹಾಳೆಗೆ ಎರಡು ಕಾಲಂ ಸೇರಿಸಿದೆ. ‘ಯಾರು ಕೊಡ್ತಾರೆ?’ ಮತ್ತು ‘ಅವರಿಗೆ ಗೊತ್ತಾ?’ ಎರಡನೇ ಕಾಲಂನಲ್ಲಿ ‘ಇಲ್ಲ’ ಅಂತ ಬಂದ ಕಡೆಯೆಲ್ಲ ಹೋಗಿ ಮಾತಾಡೋದು ಅಂತ ಆಯ್ತು.

ಚಿಕ್ಕಪ್ಪನ ಹತ್ತಿರ ಅಪ್ಪನೇ ಹೋದರು. ದುಡ್ಡಿನ ಮಾತು ಎತ್ತಲಿಲ್ಲ. ಕೆಡವಿದ ವಾರದಲ್ಲೇ ಅವರ ಗೋಡೆಯ ನಮ್ಮ ಕಡೆಯ ಮೈಗೆ ನಮ್ಮ ಮೇಸ್ತ್ರಿಯೇ ಗಾರೆ ಮಾಡಿಸಿ, ಮೇಲೆ ಶೀಟು ಇಳಿಸೋದು, ಪಾಯದ ಗುಂಡಿಯನ್ನ ಒಟ್ಟಿಗೆ ತೋಡದೆ ಸ್ವಲ್ಪ ಸ್ವಲ್ಪವೇ ತೋಡಿ ತುಂಬಿಕೊಂಡು ಹೋಗೋದು ಅಂತ ಮಾತಾಯ್ತು. ಮಳೆಗಾಲ ಕಳೆದ ಮೇಲೇ ಕೆಡವೋದು ಅನ್ನೋದು ಚಿಕ್ಕಪ್ಪ ಹಾಕಿದ ಷರತ್ತು. ಅದು ನಮಗೂ ಒಳ್ಳೆಯದೇ. ಕೇಳದಿದ್ದರೆ ಹೊಳೆಯುತ್ತಿರಲಿಲ್ಲ. ಹಾಳೆಯಲ್ಲಿ 45 ಸಾವಿರ.

ಅಜ್ಜಿಗೆ ಕಣ್ಣು ಅಷ್ಟು ಕಾಣಲ್ಲ. ಈ ಮನೆಯಲ್ಲಿ ಗೋಡೆ ತಡವಿಕೊಂಡು ರಾತ್ರಿಯೂ ಓಡಾಡುತ್ತಾಳೆ. ಹೊಸಬರ ಬಾಡಿಗೆ ಮನೆಯಲ್ಲಿ ಹತ್ತು ತಿಂಗಳು ಅಂದರೆ ಅವಳಿಗೆ ಹತ್ತು ತಿಂಗಳು ಒಂದೇ ಕಡೆ ಕೂತಿರೋದು. ಕೇಳಿದಾಗ ‘ಬಾಡಿಗೆ ಮನೆ ಬ್ಯಾಡ ಕಣಪ್ಪ, ಕೊಟ್ಟಿಗೆ ಐತಲ್ಲ’ ಅಂದಳು. ಬಾಡಿಗೆಗೆ ಅಂತ ಇಟ್ಟಿದ್ದ ದುಡ್ಡು ಹಿತ್ತಲ ಕೊಟ್ಟಿಗೆಯ ಒಂದು ಭಾಗಕ್ಕೆ ನೆಲ, ಗೋಡೆ ಮಾಡಿಸೋದಕ್ಕೆ ಹೋಯಿತು. ಅದರ ಪಕ್ಕದಲ್ಲಿ ಮೊದಲು ಒಂದು ಶೌಚಾಲಯ ಕಟ್ಟಿಸೋದು, ಕೆಲಸದವರಿಗೂ ಅದೇ. ಈ ‘ಅದೇ’ಯ ಬಗ್ಗೆ ಮನೆಯಲ್ಲಿ ಮಾತಾಯ್ತು. ಆ ಮಾತಿನ ಹಿಂದೆ ಏನಿತ್ತು ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಕಟ್ಟಿದರೆ ಖರ್ಚು ಜಾಸ್ತಿ, ಒಂದೇ ಕಟ್ಟಿದರೆ ಮಾತು ಜಾಸ್ತಿ. ಹಾಳೆಯಲ್ಲಿ ಒಂದೇ ಅಂತ ಬರೆದಿದ್ದೀನಿ, 40 ಸಾವಿರ. ಆ ಸಾಲಿನ ಮೇಲೆ ಇನ್ನೂ ಎಲ್ಲರ ಒಪ್ಪಿಗೆ ಬಿದ್ದಿಲ್ಲ. ಅಳಿಸಲ್ಲ ಅಂತ ನಾನೂ ಹೇಳಿದ್ದೀನಿ.

ಅಕ್ಕನಿಗೆ ಫೋನಿನಲ್ಲಿ ಪ್ಲಾನು ಕಳಿಸಿ, ಸಹಿಯ ಮಾತು ಎತ್ತುವ ಮುಂಚೆ, ‘ನಿನಗೇನು ಅನ್ಸುತ್ತೆ ಅಕ್ಕ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಸಹಿ ಹಾಕ್ತೀನಿ ಕಣೋ. ಅಪ್ಪ-ಅಮ್ಮನ ರೂಮು, ನಿನ್ನ ರೂಮು, ದೇವರ ಮನೆ, ಕಾರಿಗೂ ಜಾಗ ಐತೆ. ನಾನು ಬಂದಾಗ ಬ್ಯಾಗು ಎಲ್ಲಿಡ್ಲಿ ಹೇಳು’ ಅಂದಳು. ಹತ್ತು-ಹತ್ತರ ಒಂದು ರೂಮು ಅಂದರೆ ನೂರು ಚದರಡಿ, 2 ಲಕ್ಷ. ಹಕ್ಕು ಬಿಡುಗಡೆ ಪತ್ರ ಬೇಡ, ಸಾಲಕ್ಕೆ ಒಪ್ಪಿಗೆ ಪತ್ರ ಸಾಕು, ಪಾಲು ಪಾಲಾಗಿಯೇ ಇರಲಿ ಅಂತಲೂ ತೀರ್ಮಾನವಾಯ್ತು. ಇದರಿಂದ ನ್ಯಾಯ ಪೂರ್ತಿ ಆಯ್ತು ಅಂತಲ್ಲ. ಅವಳ ಪಾಲಿನ ಮುಂದೆ ಎರಡು ಲಕ್ಷ ದೊಡ್ಡದೇನಲ್ಲ. ಸೊನ್ನೆ ಅಂತೂ ಅಲ್ಲ.

ಇವುಗಳ ಜೊತೆ ಸೆಸ್ಸಿನ 26 ಸಾವಿರ, ಕೆಲಸದವರ ಹೆಲ್ಮೆಟ್ಟು, ಬೆಲ್ಟು, ಅಪಘಾತ ವಿಮೆಗೆ 20 ಸಾವಿರ. ಒಟ್ಟು 3 ಲಕ್ಷದ 31 ಸಾವಿರ. ಇಷ್ಟು ದುಡ್ಡು ಆಕಾಶದಿಂದ ಬೀಳಲ್ಲ. ಮುಂಭಾಗದ ಕಲ್ಲಿನ ಅಲಂಕಾರ ಹೋಯಿತು, ಹಾಲಿನ ಫಾಲ್ಸ್ ಸೀಲಿಂಗ್ ಹೋಯಿತು, ಮಾಡ್ಯುಲರ್ ಕಿಚನ್ ಮುಂದಕ್ಕೆ ಹೋಯಿತು. ಎರಡೂವರೆ ಲಕ್ಷ ಅಲ್ಲಿ ಸಿಕ್ಕಿತು, ಉಳಿದದ್ದು ನಮ್ಮ ಜೇಬಿಂದ. ಅಲಂಕಾರ ಹೋಯಿತಲ್ಲ ಅಂತ ಬೇಜಾರಿದೆ, ಸುಳ್ಳು ಹೇಳಲ್ಲ. ಆದರೆ ಆ ಕಲ್ಲಿನ ಗೋಡೆಗೆ ಬೇಕಾದ ದುಡ್ಡು ಮೊದಲಿಂದಲೂ ನಮ್ಮದಾಗಿರಲಿಲ್ಲ ಅನ್ನೋದು ಹಾಳೆಯಲ್ಲಿ ಈಗ ಸ್ಪಷ್ಟವಾಗಿ ಕಾಣುತ್ತೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಇದೆ. ಖರ್ಚು ಕೈಮೀರುತ್ತೆ ಅನ್ನೋ ಎಚ್ಚರಿಕೆಯಾಗಿಯೇ ಎಲ್ಲರೂ ಇದನ್ನ ಬಳಸೋದು. ಆದರೆ ಗಾದೆ ‘ಕಟ್ಟಿ ಕೊಡು’ ಅನ್ನಲ್ಲ, ‘ಕಟ್ಟಿ ನೋಡು’ ಅನ್ನುತ್ತೆ. ಎಂಟು ಲಕ್ಷ ಜಾಸ್ತಿ ಆಗುತ್ತೆ ಅನ್ನೋದನ್ನ ಎಕ್ಸೆಲ್ಲೇ ತೋರಿಸಿಬಿಡುತ್ತೆ, ಅದಕ್ಕೆ ಮನೆ ಕಟ್ಟಬೇಕಾಗಿಲ್ಲ. ನಮ್ಮ ಮನೆಯ ಭಾರ ಯಾರ್ಯಾರ ಗೋಡೆಯ ಮೇಲೆ ನಿಂತಿದೆ ಅನ್ನೋದು ಮಾತ್ರ ಹೋಗಿ ಕೇಳಿದಾಗ ಕಾಣೋದು. ಹಗೇವು ಎಲ್ಲಿದೆ ಅಂತ ಜೆಸಿಬಿ ಹೇಳುತ್ತೆ. ಉಳಿದದ್ದನ್ನ ಕೆಡವುವ ಮುಂಚೆ ನಾವೇ ಬಾಯಿಬಿಟ್ಟು ಕೇಳಬೇಕು.